ಹೇಳದೆ ಬಿಟ್ಟ ಮಾತು

ಒಳ್ಳೆಯ ಸೇವಕನ ಯೋಗ್ಯತೆ ತಿಳಿಯುವುದು ಅವನು ಹೇಳಿದ್ದನ್ನು ಮಾಡುವುದರಿಂದಲ್ಲ. ಹೇಳದೆ ಬಿಟ್ಟುದನ್ನು ಹೇಗೆ ತುಂಬಿಕೊಳ್ಳುವನೆಂಬುದರಿಂದ. ಗಣಕಯಂತ್ರದ ಮಾತೂ ಹಾಗೆಯೇ. ಚಿತ್ರಗಳನ್ನೊತ್ತುವ ರೀತಿಯನ್ನು ಬಿಟ್ಟು, ಒಂದು ಸಾಲಿನ ಆಜ್ಞೆಯನ್ನು ಬೆರಳಚ್ಚಿಸಿ ಅದರಿಂದ ಕೆಲಸ ಮಾಡಿಸುವ ಪದ್ಧತಿಯೊಂದುಂಟು. ಬಲ್ಲವರು ಅದನ್ನು ಕಮಾಂಡ್ ಲೈನ್ ಎನ್ನುವರು. ಆ ಸಾಲಿನಲ್ಲಿ ನಾವು ನುಡಿಯದೆ ಬಿಟ್ಟ ಸಂಗತಿಗಳಿಗೆ ಉಪಕರಣವನ್ನು ರಚಿಸಿದವನು ಮೊದಲೇ ಒಂದು ಉತ್ತರವನ್ನು ಇಟ್ಟಿರುತ್ತಾನೆ. ಡಿಫಾಲ್ಟ್ ಎಂಬ ಈ ಏರ್ಪಾಡನ್ನು ಪೂರ್ವನಿಯೋಜನೆ ಎನ್ನೋಣ.

ಮುದ್ರಿತ ಪುಟದ ಚಿತ್ರವನ್ನು ಓದಿ ಅಕ್ಷರವಾಗಿಸುವ ಟೆಸೆರಾಕ್ಟ್ ಎಂಬ ಉಪಕರಣವನ್ನು ನೋಡಿರಿ. 1985ರಿಂದ 1994ರವರೆಗೆ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯಲ್ಲಿ ಬೆಳೆದು, 2005ರಲ್ಲಿ ಸರ್ವರಿಗೂ ಮುಕ್ತವಾದ ಇದು ಇಂದು ಕನ್ನಡವನ್ನೂ ಓದಬಲ್ಲುದು. ಆದರೆ ಭಾಷೆ ಯಾವುದೆಂದು ಹೇಳದಿದ್ದರೆ ಇಂಗ್ಲಿಷೆಂದೇ ಭಾವಿಸುತ್ತದೆ. ಕನ್ನಡದ ಪುಟವನ್ನು ಮುಂದಿಟ್ಟರೂ ‘ಇದನ್ನರಿಯೆ’ ಎನ್ನದೆ ರೋಮನ್ ಅಕ್ಷರಗಳ ಅರ್ಥಹೀನ ರಾಶಿಯನ್ನು ಸುರಿಯುತ್ತದೆ. ಬಲ್ಲವನು ಕನ್ನಡದ ಮೂರಕ್ಷರದ ಸಂಕೇತವನ್ನು ಆಜ್ಞೆಗೆ ಸೇರಿಸಿ ಮುಂದೆ ಸಾಗುವನು. ಅರಿಯದವನು ‘ಯಂತ್ರಕ್ಕೆ ಕನ್ನಡ ಬಾರದು’ ಎಂದು ತೀರ್ಮಾನಿಸಿ ಎದ್ದುಹೋಗುವನು.

ಮಹಾಂತೇಶ ನಗರದ ನಮ್ಮ ಮನೆಯಲ್ಲಿ ಹಿರಿಯರು ಕೂಡಿಟ್ಟ ಹಳೆಯ ಪುಸ್ತಕಗಳಿವೆ. ಅವುಗಳಿಗಾಗಿ ಟೆಸೆರಾಕ್ಟಿನ ಮೇಲೆ ನಾನೊಂದು ಚಿಕ್ಕ ಉಪಕರಣವನ್ನು ಕಟ್ಟತೊಡಗಿದೆನು. ಬಳಸುವವರು ಇಬ್ಬರು: ಗಣಕದ ಉದ್ಯೋಗದಲ್ಲಿರುವ ಅಣ್ಣನ ಮಗಳು, ನೆರೆಯ ನಿವೃತ್ತ ಕನ್ನಡ ಮಾಸ್ತರರು. ಯಂತ್ರ ಓದಿದುದನ್ನು ಮಾಸ್ತರರು ಮೂಲದೊಡನೆ ಹೋಲಿಸಿ, ಒತ್ತಕ್ಷರ ಅರ್ಕಾವತ್ತುಗಳನ್ನು ತಿದ್ದುವರು. ಒಂದೊಂದು ಪುಟಕ್ಕೆ ಅರ್ಧ ತಾಸು. ಅದೇ ಪುಟಕ್ಕೆ ಯಾರಾದರೂ ಎರಡನೆಯ ಸಲ ಆಜ್ಞೆ ಕೊಟ್ಟರೆ ಏನಾಗಬೇಕು? ತಿದ್ದಿದ ಕಡತದ ಮೇಲೆಯೇ ಯಂತ್ರ ಹೊಸದನ್ನು ಬರೆದರೆ ಆ ಶ್ರಮವೆಲ್ಲ ಅಳಿದುಹೋಗುವುದು.

“ಅಳಸೋ ಮುಂಚೆ ಒಂದ್ ಮಾತು ಕೇಳಬೇಕಲ್ಲರಿ” ಎಂದರು ಮಾಸ್ತರರು.

“ಕಾಕಾ, ಮುನ್ನೂರು ಪುಟಕ್ಕ ಮುನ್ನೂರು ಸಲ ಹೌದು ಅನ್ನಬೇಕೇನು? ರಾತ್ರಿ ಕೆಲಸಕ್ಕ ಹಚ್ಚಿ ಮಲಗಿದರ ಉತ್ತರ ಕೊಡವರು ಯಾರು?” ಎಂದಳು ಹುಡುಗಿ.

ಇಬ್ಬರ ಮಾತೂ ನಿಜವೇ. ಯುನಿಕ್ಸ್ ಪರಂಪರೆಯ ಯಂತ್ರಗಳಲ್ಲಿ ಆರ್‌ಎಂ ಎಂಬ ಆಜ್ಞೆ ಸಾಮಾನ್ಯವಾಗಿ ಕೇಳದೆಯೇ ಕಡತವನ್ನಳಿಸುತ್ತದೆ. ರೆಡ್ ಹ್ಯಾಟ್ ಲಿನಕ್ಸಿನಲ್ಲಿ ಸರ್ವಾಧಿಕಾರವುಳ್ಳ ಖಾತೆಗೆ ಮಾತ್ರ ಅದು ಪ್ರತಿ ಕಡತಕ್ಕೂ ಅಪ್ಪಣೆ ಬೇಡುವಂತೆ ಏರ್ಪಡಿಸಿದ್ದಾರೆ. ಆದರೆ ಪದೇ ಪದೇ ಬರುವ ಪ್ರಶ್ನೆಯನ್ನು ಮನುಷ್ಯ ಓದುವುದಿಲ್ಲ. ಕೈ ತಾನಾಗಿಯೇ ಹೌದೆನ್ನುವುದು. ಆ ಕಾವಲನ್ನು ನೆಚ್ಚಿದವನು ಕಾವಲಿಲ್ಲದ ಯಂತ್ರದ ಮುಂದೆ ಕುಳಿತ ದಿನ ಕೆಡುವನು.

ಇದಕ್ಕಿಂತ ವಿವೇಕದ ದಾರಿಯನ್ನು ಗಿಟ್ ತೋರಿಸಿದೆ. ಕಾರ್ಯಕ್ರಮಗಳ ಬರವಣಿಗೆಯ ಇತಿಹಾಸವನ್ನು ಕಾಯ್ದಿಡುವ ಉಪಕರಣವದು. ಮೊದಲು, ಏನೂ ಹೇಳದೆ ಕೆಲಸವನ್ನು ಹೊರಗೆ ಕಳುಹಿಸಿದರೆ, ಎರಡೂ ಕಡೆ ಹೆಸರು ಹೊಂದುವ ಕವಲುಗಳೆಲ್ಲವೂ ಹೋಗುತ್ತಿದ್ದವು. 2014ರ 2.0ನೆಯ ಆವೃತ್ತಿಯಿಂದ ನಾವು ನಿಂತ ಕವಲೊಂದೇ ಹೋಗುತ್ತದೆ. ಹಳೆಯ ರೀತಿ ಬೇಕಾದವರು ಒಮ್ಮೆ ಬರೆದಿಟ್ಟುಕೊಂಡರೆ ಸಾಕು. ಹೊಸಬನಿಗೆ ಅಪಾಯ ತಪ್ಪಿತು. ನುರಿತವನ ಹಕ್ಕೂ ಉಳಿಯಿತು.

ನಮ್ಮ ಉಪಕರಣವೂ ಈಗ ಕೇಳುವುದಿಲ್ಲ, ಅಳಿಸುವುದೂ ಇಲ್ಲ. ಹಳೆಯ ಕಡತವಿದ್ದರೆ ಹೊಸದನ್ನು ಬೇರೆ ಅಂಕೆ ಹಚ್ಚಿ ಪಕ್ಕದಲ್ಲಿಡುತ್ತದೆ. ಮೇಲೆಯೇ ಬರೆಯಬೇಕಾದರೆ ಆಜ್ಞೆಯಲ್ಲಿ ಅದನ್ನು ಸ್ಪಷ್ಟವಾಗಿ ನುಡಿಯಬೇಕು. ಭಾಷೆ ಹೇಳದಿದ್ದರೆ ಕನ್ನಡವೆಂದೇ ಭಾವಿಸುತ್ತದೆ. ಆದರೆ ಬೆಳಗಾವಿಯ ಮನೆಗಳ ಕಪಾಟಿನಲ್ಲಿ ಮರಾಠಿ ಪುಸ್ತಕಗಳೂ ಉಂಟಲ್ಲವೆ? ಆದುದರಿಂದ ‘ಕನ್ನಡವೆಂದು ಓದುತ್ತಿದ್ದೇನೆ’ ಎಂಬ ಒಂದು ಸಾಲನ್ನೂ, ಬೇರೆ ಭಾಷೆಯಾದರೆ ಹೇಗೆ ಹೇಳಬೇಕೆಂಬುದನ್ನೂ ಮೊದಲೇ ತೋರಿಸುತ್ತದೆ. ಬೇಡವಾದವರು ಆ ಸಾಲನ್ನು ಒಂದೇ ಸೂಚನೆಯಿಂದ ಅಡಗಿಸಬಹುದು.

ಬಲ್ಲವನಿಗೆ ತನಗೆ ಬೇಕಾದುದನ್ನು ಕೇಳುವ ಭಾಷೆ ಗೊತ್ತು; ಅರಿಯದವನಿಗೆ ಕೇಳಬಹುದೆಂಬುದೇ ಗೊತ್ತಿಲ್ಲ. ಆದ್ದರಿಂದ ಹೇಳದೆ ಬಿಟ್ಟ ಮಾತು ಅರಿಯದವನ ಪಕ್ಷವನ್ನು ವಹಿಸಬೇಕು. ಆದರೆ ಯಾರನ್ನು ಅರಿಯದವರೆನ್ನೋಣ? ಆಜ್ಞೆಯ ಸಾಲಿನಲ್ಲಿ ಹೊಸಬರಾದ ಮಾಸ್ತರರು ಅಕ್ಷರದಲ್ಲಿ ಪಂಡಿತರು. ಆಜ್ಞೆಯಲ್ಲಿ ಪಳಗಿದ ಹುಡುಗಿಗೆ ಹಳಗನ್ನಡದ ಱಕಾರ ೞಕಾರಗಳು ಅಪರಿಚಿತ. ಯಂತ್ರ ಓದಿದುದನ್ನು ಅದು ಮತ್ತೆ ನಿಮಿಷದಲ್ಲಿ ಓದಬಲ್ಲುದು. ಮಾಸ್ತರರ ಅರ್ಧ ತಾಸು ಮಾತ್ರ ಮರಳಿ ಬಾರದು. ಉಪಕರಣವನ್ನು ಕಟ್ಟುವವನು ಮೊದಲು ಕಾಯಬೇಕಾದುದು ಅದನ್ನೇ.