ಯಾವುದು ಮೇಲು ಎಂದು ಕೇಳುವ ಮುನ್ನ

ಕಲ್ಯಾಣ ನಗರದ ಒಂದು ಅಡ್ಡರಸ್ತೆಯಲ್ಲಿ, ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮದೊಂದು ಪುಟ್ಟ ಕೋಣೆಯಿದೆ. ಅಣ್ಣ ತಮ್ಮ ಇಬ್ಬರೂ ಸೇರಿ ಅಲ್ಲಿ ಮದುವೆಯ ವೀಡಿಯೋಗಳನ್ನು ಸಂಕಲನ ಮಾಡುತ್ತೇವೆ. ಬೇರೆಯವರು ಚಿತ್ರೀಕರಿಸಿ ತಂದದ್ದನ್ನು ಕತ್ತರಿಸಿ, ಜೋಡಿಸಿ, ಬಣ್ಣ ತಿದ್ದಿ ಕೊಡುವುದು ನಮ್ಮ ಕಸುಬು. ಶಿವಾಜಿನಗರದ ನಿಕಾಹ್, ಹಲಸೂರಿನ ಧಾರೆ, ಬಾಣಸವಾಡಿಯ ಚರ್ಚಿನ ಮದುವೆ ಎಲ್ಲವೂ ನಮ್ಮ ಮೇಜಿನ ಮೇಲೆ ಹಾದುಹೋಗುತ್ತವೆ. ಆ ಮನೆಗಳ ಜನರನ್ನು ನಾವು ಪರದೆಯಲ್ಲಲ್ಲದೆ ಬೇರೆಲ್ಲೂ ಕಂಡವರಲ್ಲ. ಆದರೂ ಅವರ ಆ ಒಂದು ದಿನ ನಮ್ಮ ಬಳಿ ಅಮಾನತ್ತಾಗಿ ಇರುತ್ತದೆ.

2024ರ ಬೇಸಿಗೆಯಲ್ಲಿ ನಮ್ಮ ಹಳೆಯ ಕಂಪ್ಯೂಟರ್ ಕೈಕೊಟ್ಟಿತು. ಒಂದು ಮದುವೆಯ ವೀಡಿಯೋ ಸಿದ್ಧವಾಗುತ್ತಿರುವಾಗ ಅರ್ಧದಲ್ಲೇ ನಿಂತುಬಿಡುತ್ತಿತ್ತು. ಮತ್ತೆ ಮೊದಲಿನಿಂದ, ಮತ್ತೆ ಅರ್ಧದಲ್ಲಿ. ವಧುವಿನ ಅಜ್ಜಿ ಆಸ್ಪತ್ರೆಯಲ್ಲಿದ್ದರು. ಅವರಿಗೊಮ್ಮೆ ತೋರಿಸಬೇಕು, ಬೇಗ ಕೊಡಿ ಎಂದು ಆ ಮನೆಯವರು ಕೇಳಿಕೊಂಡಿದ್ದರು. ಶುಕ್ರವಾರ ಕೊಡುತ್ತೇವೆ ಎಂದು ನಾವೂ ಮಾತು ಕೊಟ್ಟಿದ್ದೆವು. ಕೊಟ್ಟದ್ದು ಮಂಗಳವಾರ. ಅಜ್ಜಿ ಭಾನುವಾರವೇ ತೀರಿಕೊಂಡಿದ್ದರು. ಆ ಮನೆಯವರು ಒಂದು ಮಾತೂ ಆಡದೆ ಬಾಕಿ ಹಣವನ್ನು ಎಣಿಸಿ ಕೊಟ್ಟು ಹೋದರು. ಬೈದಿದ್ದರೆ ನಮಗೆ ಹಗುರವಾಗುತ್ತಿತ್ತೇನೋ.

ಇನ್ನು ಇಂತಹದ್ದು ಆಗಕೂಡದು, ಮಾರುಕಟ್ಟೆಯಲ್ಲಿ ಸಿಗುವುದರಲ್ಲೇ ಅತ್ಯಂತ ವೇಗದ ಕಂಪ್ಯೂಟರ್ ತರೋಣ ಎಂದು ಆವತ್ತೇ ನಿಶ್ಚಯಿಸಿದೆವು. ಚೀಟಿ ಎತ್ತಿದ ಹಣವಿತ್ತು. ಬಸ್ಸು ಹಿಡಿದು ಎಸ್.ಪಿ. ರಸ್ತೆಗೆ ಹೋದೆವು. ಬೆಂಗಳೂರಿನಲ್ಲಿ ಕಂಪ್ಯೂಟರಿನ ಬಿಡಿಭಾಗ ಬೇಕಾದವರು ಹೋಗುವುದು ಅಲ್ಲಿಗೇ ತಾನೆ? ಯಾವ ಅಂಗಡಿಗೆ ಹೋದರೂ ನಮ್ಮ ಮುಂದೆ ಬಂದದ್ದು ಎರಡೇ ಹೆಸರು: ಇಂಟೆಲ್‌ನ ಕೋರ್ ಐ9-14900ಕೆ ಮತ್ತು ಎಎಂಡಿಯ ರೈಜನ್ 9 7950ಎಕ್ಸ್. ನಮ್ಮಲ್ಲಿ ಹಿರಿಯವನು ಮೊದಲನೆಯದಕ್ಕೆ ಒಲಿದ, ಕಿರಿಯವನು ಎರಡನೆಯದಕ್ಕೆ. ಹಣವಿದ್ದದ್ದು ಒಂದಕ್ಕೆ ಮಾತ್ರ.

ಪ್ರೊಸೆಸರ್ ಎಂದರೆ ಕಂಪ್ಯೂಟರಿನ ಮೆದುಳು ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ಮದುವೆಯ ಅಡುಗೆಮನೆ ಎಂದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಅದರೊಳಗಿನ ಒಂದೊಂದು ಕೋರ್ ಒಬ್ಬೊಬ್ಬ ಅಡುಗೆಯವನಿದ್ದಂತೆ. 2023ರ ಅಕ್ಟೋಬರಿನಲ್ಲಿ ಬಂದ 14900ಕೆಯಲ್ಲಿ ಒಟ್ಟು 24 ಕೋರ್‌ಗಳು. ಅವುಗಳಲ್ಲಿ 8 ಮಾತ್ರ ಪಳಗಿದ ಬಾವರ್ಚಿಗಳು. ಉಳಿದ 16 ಈರುಳ್ಳಿ ಹೆಚ್ಚುವ, ಪಾತ್ರೆ ಎತ್ತುವ ಸಹಾಯಕರು. 2022ರ ಸೆಪ್ಟೆಂಬರಿನ 7950ಎಕ್ಸ್‌ನಲ್ಲಿ ಇರುವುದು 16 ಕೋರ್, ಆದರೆ ಹದಿನಾರೂ ಬಾವರ್ಚಿಗಳೇ. ಹೀಗಾಗಿ 24 ದೊಡ್ಡದೋ 16 ದೊಡ್ಡದೋ ಎಂದು ಎಣಿಸಿ ತೀರ್ಮಾನಿಸಲು ಬರುವುದಿಲ್ಲ. ಓಟದ ಮೇಲ್ಮಿತಿ ಇಂಟೆಲ್‌ನದು 6.0 ಗಿಗಾಹರ್ಟ್ಸ್, ಎಎಂಡಿಯದು 5.7. ಬಿಡುಗಡೆಯಾದಾಗ ಅಮೆರಿಕದಲ್ಲಿ ಇಂಟೆಲ್‌ನ ಬೆಲೆ 589 ಡಾಲರ್, ಎಎಂಡಿಯದು 699.

ವಿದ್ಯುತ್ತಿನ ಲೆಕ್ಕದಲ್ಲಂತೂ ನಾವು ಮೋಸ ಹೋಗುವುದರಲ್ಲಿದ್ದೆವು. ವಿವರಪಟ್ಟಿಯ ಮೊದಲ ಸಾಲಿನಲ್ಲಿ ಇಂಟೆಲ್‌ಗೆ 125 ವ್ಯಾಟ್, ಎಎಂಡಿಗೆ 170 ವ್ಯಾಟ್ ಎಂದಿರುತ್ತದೆ. ಇಂಟೆಲ್ ಮಿತವ್ಯಯಿ ಎಂದು ಯಾರಾದರೂ ತಿಳಿದಾರು. ಇನ್ನೂ ಕೆಳಗೆ ಓದಿದರೆ, ಪೂರ್ಣ ಓಟದಲ್ಲಿ ಇಂಟೆಲ್ 253 ವ್ಯಾಟ್‌ವರೆಗೆ ಏರುತ್ತದೆ, ಎಎಂಡಿ 230ರವರೆಗೆ. ಅಂದರೆ ನಾಲ್ಕು ಗಂಟೆ ಎಡೆಬಿಡದೆ ಓಡಿದರೆ ಈ ಬೆಂಕಿಪೊಟ್ಟಣದಷ್ಟು ಗಾತ್ರದ ವಸ್ತುವೊಂದೇ ಸುಮಾರು ಒಂದು ಯೂನಿಟ್ ವಿದ್ಯುತ್ ತಿನ್ನುತ್ತದೆ. ತಿಂದದ್ದೆಲ್ಲ ಬಿಸಿಯಾಗಿ ಕೋಣೆಗೇ ಬರುತ್ತದೆ. ಕೆಳಗೆ ಬೇಕರಿಯ ಒಲೆ, ಮೇಲೆ ಇದು!

ಅಂಗಡಿಯವರ ಮಾತಿಗೂ ಜಾಹೀರಾತಿಗೂ ಬದಲಾಗಿ ನಮ್ಮದೇ ಕೆಲಸವನ್ನು ಹಚ್ಚಿ ನೋಡೋಣವೆಂದು ಒಂದು ಮದುವೆಯ ಕಡತವನ್ನು ಡಿಸ್ಕಿನಲ್ಲಿ ಹಾಕಿಕೊಂಡು ಹೊರಟೆವು. ಕಮ್ಮನಹಳ್ಳಿಯ ಪರಿಚಿತರೊಬ್ಬರ ಬಳಿ ಇಂಟೆಲ್ ಇತ್ತು, ಫ್ರೇಜರ್ ಟೌನಿನ ಇನ್ನೊಬ್ಬರ ಬಳಿ ಎಎಂಡಿ. ಕೊನೆಯ ವೀಡಿಯೋ ಹೊರಬರುವ ಹೊತ್ತಿನಲ್ಲಿ ಎರಡಕ್ಕೂ ಇದ್ದ ಅಂತರ ಒಂದು ಚಹಾ ಕುಡಿಯುವಷ್ಟು, ಅಷ್ಟೇ. ಆದರೆ ಸಂಕಲನ ಮಾಡುವಾಗ ಬೇರೆಯೇ ಒಂದು ವ್ಯತ್ಯಾಸ ಕಂಡಿತು. ಈಗಿನ ಕ್ಯಾಮೆರಾಗಳು ಹೆಚ್ಚು ಬಣ್ಣವನ್ನು ಉಳಿಸಿಕೊಂಡೇ ಚಿತ್ರವನ್ನು ಬಿಗಿಯಾಗಿ ಮಡಿಚಿಡುತ್ತವೆ. ಎಚ್‌ಇವಿಸಿ 4:2:2 ಎಂದು ಆ ಬಗೆಗೆ ಹೆಸರು. ಆ ಮಡಿಕೆಯನ್ನು ಬಿಚ್ಚಲು ಇಂಟೆಲ್ ಚಿಪ್ಪಿನೊಳಗೆ ಕ್ವಿಕ್ ಸಿಂಕ್ ಎಂಬ ಪ್ರತ್ಯೇಕ ವ್ಯವಸ್ಥೆಯಿದೆ. 7950ಎಕ್ಸ್‌ನಲ್ಲಿ ಈ ಬಗೆಗೆ ಅಂತಹ ಸೌಲಭ್ಯವಿಲ್ಲ. ಒಂದರಲ್ಲಿ ಚಿತ್ರ ನೀರಿನಂತೆ ಹರಿಯಿತು, ಇನ್ನೊಂದರಲ್ಲಿ ತಡವರಿಸಿತು. ಹಿರಿಯವನು ಗೆದ್ದೆ ಎಂದ. ಕಿರಿಯವನ ಬಳಿ ಉತ್ತರವಿರಲಿಲ್ಲ.

ಆ ರಾತ್ರಿ ಊಟಕ್ಕೆ ಕುಳಿತಾಗ ಅಬ್ಬಾ ಎಲ್ಲವನ್ನೂ ಕೇಳಿಸಿಕೊಂಡರು. ಅವರು ದೂರವಾಣಿ ನಗರದ ಐಟಿಐ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಯಂತ್ರಗಳ ನಡುವೆ ಬದುಕು ಸವೆಸಿದವರು. ಅವರು ಎರಡೇ ಪ್ರಶ್ನೆ ಕೇಳಿದರು. "ಅದು ನಿಂತರೆ ಯಾರು ಹೊಣೆ? ನಾಳೆ ಇನ್ನೂ ಒಳ್ಳೆಯದು ಬಂದರೆ ಇದೇ ಹಲಗೆಗೆ ಕೂರುತ್ತದೋ, ಎಲ್ಲವನ್ನೂ ಎಸೆಯಬೇಕೋ?" ವೇಗದ ಸುದ್ದಿಯನ್ನೇ ಅವರು ಎತ್ತಲಿಲ್ಲ.

ಎರಡನೆಯ ಪ್ರಶ್ನೆಗೆ ಉತ್ತರ ಸುಲಭವಾಗಿ ಸಿಕ್ಕಿತು. ಇಂಟೆಲ್‌ನ ಆ ಮದರ್‌ಬೋರ್ಡಿನ ಸರಣಿಗೆ 14ನೇ ಪೀಳಿಗೆಯೇ ಕೊನೆಯದು. ಎಎಂಡಿಯಾದರೋ ತನ್ನ ಎಎಂ5 ಹಲಗೆಯನ್ನು 2027ರವರೆಗೂ, ಅದರಾಚೆಗೂ ಮುಂದುವರಿಸುವುದಾಗಿ 2024ರ ಜೂನ್‌ನಲ್ಲಿ ಹೇಳಿತ್ತು. ಮೊದಲ ಪ್ರಶ್ನೆಗೆ ಉತ್ತರ ಜುಲೈನಲ್ಲಿ ಬಂತು. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಚಿಪ್ಪುಗಳು ಕೆಲಸದ ನಡುವೆ ಕುಸಿಯುತ್ತಿವೆಯೆಂದು ಹಲವು ದೇಶಗಳಿಂದ ದೂರುಗಳಿದ್ದವು. ಒಳಗಿನ ಸೂಚನೆಗಳ ದೋಷದಿಂದ ಚಿಪ್ಪು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿದೆ ಎಂದು ಕಂಪೆನಿಯೇ ಒಪ್ಪಿಕೊಂಡಿತು. ಆಗಸ್ಟಿನಲ್ಲಿ ತಿದ್ದುಪಡಿ ಕೊಟ್ಟಿತು, ಖಾತರಿಯನ್ನು 3 ವರ್ಷದಿಂದ 5 ವರ್ಷಕ್ಕೆ ಏರಿಸಿತು. ಆದರೆ ಆಗಲೇ ಸವೆದುಹೋದ ಚಿಪ್ಪನ್ನು ಆ ತಿದ್ದುಪಡಿ ಸರಿಮಾಡದು. ನ್ಯಾಯವಾಗಿ ಹೇಳಬೇಕೆಂದರೆ ಎಎಂಡಿಯೂ ನಿಷ್ಕಳಂಕವಲ್ಲ. 2023ರಲ್ಲಿ ಅದರ ಕೆಲವು ಚಿಪ್ಪುಗಳು ಹೆಚ್ಚು ವೋಲ್ಟೇಜಿನಿಂದ ಹಲಗೆಯ ಮೇಲೆಯೇ ಸುಟ್ಟುಹೋಗಿ, ಕಂಪೆನಿ ಮಿತಿ ಹಾಕಬೇಕಾಯಿತು. ಒಬ್ಬರನ್ನೊಬ್ಬರು ಹಿಂದೆ ಹಾಕುವ ಭರದಲ್ಲಿ ಇಬ್ಬರೂ ಅಂಚಿನವರೆಗೆ ಹೋಗಿದ್ದರು.

ಈ ಪೈಪೋಟಿಯಲ್ಲಿ ಒಳಿತೇ ಇಲ್ಲವೆಂದಲ್ಲ. 2016ರಲ್ಲಿ 8 ಕೋರಿನ ಇಂಟೆಲ್ ಚಿಪ್ಪಿಗೆ ಸಾವಿರ ಡಾಲರಿಗೂ ಹೆಚ್ಚು ಬೆಲೆಯಿತ್ತು. 2017ರ ಮಾರ್ಚಿನಲ್ಲಿ ಎಎಂಡಿಯ ಮೊದಲ ರೈಜನ್ ಅಷ್ಟೇ ಕೋರ್‌ಗಳೊಂದಿಗೆ 499 ಡಾಲರಿಗೆ ಬಂತು. ನಮ್ಮಂತಹವರ ಕೈಗೆ ಇವು ಎಟುಕಿದ್ದು ಆ ಜಗಳದಿಂದಲೇ. ಅಷ್ಟಕ್ಕೂ ಈ ಇಬ್ಬರ ನಡುವೆ ಗೋಡೆ ಎಷ್ಟು ದಪ್ಪ? ಪುಣೆಯಲ್ಲಿ ಹುಟ್ಟಿದ ವಿನೋದ್ ಧಾಮ್ ಇಂಟೆಲ್‌ನಲ್ಲಿ ಪೆಂಟಿಯಂ ರೂಪಿಸುವಲ್ಲಿ ಮುಂದಾಳಾಗಿದ್ದರು. ಬಳಿಕ ಅದೇ ಪೆಂಟಿಯಂಗೆ ಎದುರಾಳಿಯಾದ ಎಎಂಡಿಯ ಕೆ6ಗೂ ಕೈಜೋಡಿಸಿದರು. ಇಂಟೆಲ್ 2008ರಲ್ಲಿ ಹೊರತಂದ 6 ಕೋರಿನ ಝಿಯಾನ್ 7400 ವಿನ್ಯಾಸಗೊಂಡದ್ದು ಬೆಂಗಳೂರಿನಲ್ಲಿ. ಎಎಂಡಿ 2023ರಲ್ಲಿ ತನ್ನ ಅತಿದೊಡ್ಡ ವಿನ್ಯಾಸ ಕೇಂದ್ರವನ್ನು ತೆರೆದದ್ದೂ ಇಲ್ಲೇ. ನಮ್ಮ ಬೀದಿಯ ತುದಿಯಲ್ಲಿ ಹಾದುಹೋಗುವ ಹೊರ ವರ್ತುಲ ರಸ್ತೆಯಲ್ಲಿ ಬೆಳಿಗ್ಗೆ ಮೆಟ್ರೋ ಕಂಬಗಳ ನಡುವೆ ಸಿಕ್ಕಿಕೊಂಡ ಕಂಪೆನಿ ಬಸ್ಸುಗಳಲ್ಲಿ ಎರಡೂ ಪಕ್ಷದವರು ಇದ್ದಾರು.

ಕೊನೆಗೆ ಅಕ್ಟೋಬರಿನಲ್ಲಿ ನಾವು ತಂದದ್ದು 7950ಎಕ್ಸ್. ಆ ಹೊತ್ತಿಗೆ ಎರಡೂ ಕಂಪೆನಿಗಳು ಮುಂದಿನ ಚಿಪ್ಪನ್ನು ಹೊರತಂದಿದ್ದವು. ನಮ್ಮದರ ಬೆಲೆ ಮೊದಲಿಗಿಂತ ಇಳಿದಿತ್ತು. ಅದನ್ನು ಮಿತವ್ಯಯದ ದರ್ಜೆಗೆ ಇಳಿಸಿ ಓಡಿಸುತ್ತೇವೆ. ಆಗ ಅದು ಹೆಚ್ಚೆಂದರೆ 142 ವ್ಯಾಟ್ ಎಳೆಯುತ್ತದೆ. ಕೆಲಸದಲ್ಲಿ ಆಗುವ ವ್ಯತ್ಯಾಸ ನಮಗೆ ತಿಳಿಯದಷ್ಟು ಕಡಿಮೆ. ಹಾಗೆಂದು ಇದೇ ಎಲ್ಲರಿಗೂ ಮೇಲು ಎನ್ನಲಾರೆವು. ಕಮ್ಮನಹಳ್ಳಿಯ ಪರಿಚಿತರು ತಿದ್ದುಪಡಿ ಹಾಕಿಸಿಕೊಂಡು ತಮ್ಮ ಇಂಟೆಲ್‌ನಲ್ಲೇ ನೆಮ್ಮದಿಯಾಗಿದ್ದಾರೆ.

ಒಂದು ಮಾತನ್ನು ಹೇಳದೆ ಮುಗಿಸಿದರೆ ತಪ್ಪಾದೀತು. ಹಳೆಯ ಕಂಪ್ಯೂಟರನ್ನು ಮಾರುವ ಮುನ್ನ ರಿಪೇರಿಯವರಿಗೆ ತೋರಿಸಿದೆವು. ಒಂದು ಮೆಮೊರಿ ತುಂಡು ಕೆಟ್ಟಿತ್ತು, ಫ್ಯಾನಿನ ತುಂಬ ಧೂಳಿತ್ತು. ಪ್ರೊಸೆಸರ್ ಚೆನ್ನಾಗಿಯೇ ಇತ್ತು! ತುಂಡು ಬದಲಾಯಿಸಿ ಧೂಳು ಕೊಡವಿದ ಮೇಲೆ ಅದು ನಿಲ್ಲದೆ ಓಡುತ್ತಿದೆ. ಈಗ ರಾತ್ರಿಯೆಲ್ಲ ಆ ಬಿಗಿಮಡಿಕೆಯ ಚಿತ್ರಗಳನ್ನು ಬಿಚ್ಚಿ ಹಗುರ ಪ್ರತಿ ಮಾಡಿಡುವುದು ಅದರ ಕೆಲಸ. ಬೆಳಿಗ್ಗೆ ಹೊಸದರಲ್ಲಿ ಚಿತ್ರ ತಡವರಿಸುವುದಿಲ್ಲ. ಅಜ್ಜಿಗೆ ವೀಡಿಯೋ ತಲುಪದೆ ಹೋದದ್ದು ನಮ್ಮ ಚಿಪ್ಪು ನಿಧಾನವಾಗಿದ್ದರಿಂದ ಅಲ್ಲ. ತಿಂಗಳಿಗೊಮ್ಮೆ ಧೂಳು ಒರೆಸದೆ, ಒಂದು ದಿನದ ಬಿಡುವನ್ನೂ ಇಟ್ಟುಕೊಳ್ಳದೆ ಶುಕ್ರವಾರ ಎಂದವರು ನಾವು. ಇದನ್ನು ಒಪ್ಪಿಕೊಳ್ಳಲು ಅಷ್ಟು ಹಣವೂ ಅಷ್ಟು ತಿಂಗಳೂ ಬೇಕಾದವು.

ಈಗ ಹೊಸ ಕೆಲಸ ಬಂದಾಗ ಎಷ್ಟು ಗಂಟೆಯ ವೀಡಿಯೋ, ಎಷ್ಟು ಹಾಡು ಎಂದು ಕೇಳುವ ಮೊದಲು ನಾವು ಇನ್ನೊಂದನ್ನು ಕೇಳುತ್ತೇವೆ: "ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರು ಯಾರಾದರೂ ಇದ್ದಾರೆಯೇ?" ಇದ್ದಾರೆ ಎಂದರೆ ಆ ಮನೆಯ ಕಡತವನ್ನೇ ಮೊದಲು ತೆರೆಯುತ್ತೇವೆ.