ನೀರಿನ ನಾಡಿಗೆ ಬಿದ್ದ ಬೆಂಕಿ

ಆ ಕೊಳ್ಳಿ ಸ್ವಲ್ಪ ಒಳಗೆ ದೂಡು, ಹೇಳ್ತೀನಿ. 2020ರ ಸೆಪ್ಟೆಂಬರ್. ನಾನಾಗ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಕೆಲಸಕ್ಕಿದ್ದೆ. ಪಂಟನಾಲ್ ಹೊತ್ತಿ ಉರೀತಿದೆ, ಪ್ರಾಣಿಗಳಿಗೆ ನೀರು, ಹಣ್ಣು ಹಾಕೋಕೆ ಜನ ಸಾಲ್ತಿಲ್ಲ ಅಂತ ಗೆಳೆಯ ಕರೆದ. ಹೋದೆ.

ಪಂಟನಾಲ್ ಅಂದ್ರೆ ಹತ್ತಿರ ಹತ್ತಿರ ಮುಕ್ಕಾಲು ಕರ್ನಾಟಕದಷ್ಟು ಜೌಗು. ಪೊಕೊನೆ ಊರಿಂದ ಪೊರ್ಟೊ ಜೊಫ್ರೆವರೆಗೆ ಸುಮಾರು 145 ಕಿಲೋಮೀಟರ್ ಮಣ್ಣು ರಸ್ತೆ, ಅದಕ್ಕೆ ನೂರಕ್ಕೂ ಹೆಚ್ಚು ಸೇತುವೆ. ಅಷ್ಟು ಸೇತುವೆ ಬೇಕಾದ ಕಡೆ ನೀರೆಷ್ಟಿರಬೇಕು, ಲೆಕ್ಕ ಹಾಕು. ಆ ವರ್ಷ ಸೇತುವೆ ಕೆಳಗೆಲ್ಲ ಬಿರುಕು ಬಿಟ್ಟ ಕೆಸರು. ಒಂದು ಗುಂಡಿಯಲ್ಲಿ ಕೇಮನ್ ಮೊಸಳೆಗಳು ಒಂದರ ಮೇಲೊಂದು ಬಿದ್ದಿದ್ದವು. ಬೆನ್ನಿಗೆ ಮೆತ್ತಿದ ಕೆಸರು ಒಣಗಿ ಚಕ್ಕೆ ಏಳ್ತಿತ್ತು. ಟ್ಯಾಂಕರಿನ ಪೈಪ್ ಬಿಟ್ಟಾಗ ಒಂದೂ ಕದಲಲಿಲ್ಲ. ಇಲಿ ಬಳಗದ ದೊಡ್ಡ ಪ್ರಾಣಿ ಕ್ಯಾಪಿಬಾರಾ ಬಂದು ಅವುಗಳ ಮೂತಿ ಪಕ್ಕದಲ್ಲೇ ನೀರು ಕುಡೀತು. ಬಾಳೆಹಣ್ಣು, ಪಪ್ಪಾಯಿ ಹೆಚ್ಚಿ ರಸ್ತೆ ಬದಿಗೆ ಇಡ್ತಿದ್ವಿ. ಹಂದಿಯಂಥ ಟೇಪಿರ್, ಕೋತಿಗಳಿಗೆ ಅದು ಆಯ್ತು. ಚಿರತೆಯಂಥ ಬೇಟೆಪ್ರಾಣಿ ಜಾಗ್ವಾರ್‌ಗೆ?

“ಮಾವ, ಜಾಗ್ವಾರ್ ಚೆನ್ನಾಗಿ ಈಜುತ್ತಂತಲ್ಲ, ಹೊಳೆಗೆ ಇಳೀಬಹುದಿತ್ತು?”

ಹೊಳೆವರೆಗೆ ಹೋಗೋದೇ ಕಷ್ಟ ಇತ್ತು ಮಾರಾಯ. ಬೇರೆ ವರ್ಷ ಹಳ್ಳ, ಕೆರೆಗಳೇ ಬೆಂಕಿಗೆ ಅಡ್ಡ ನಿಲ್ತಿದ್ವು. ಆ ಸಲ ಪರಾಗ್ವೆ ನದಿ ಸುಮಾರು 50 ವರ್ಷದಲ್ಲಿ ಕಾಣದಷ್ಟು ಇಳಿದಿತ್ತು. ನೀರು ಸರಿದ ಜಾಗದ ಜೊಂಡೆಲ್ಲ ಒಣಗಿ ಸೌದೆಯಾಯ್ತು. ನೆಲದಡಿ ವರ್ಷಗಟ್ಟಲೆ ಕೂತ ಬೇರು, ಎಲೆಯ ಪದರಕ್ಕೂ ಬೆಂಕಿ ಇಳೀತು. ಮೇಲೆ ತಣ್ಣಗಿನ ಬೂದಿ, ಅದರಡಿ ಕೆಂಡ. ಒಂದು ಕಡೆ ಹೆಜ್ಜೆ ಇಟ್ಟವನಿಗೆ ಬೂಟಿನ ರಬ್ಬರ್ ಕಮರಿದ ವಾಸನೆ ಬಂತು, ಹಿಂದೆ ಹಾರಿದೆ. ಬರಿಗಾಲಿನ ಪ್ರಾಣಿ ಏನು ಮಾಡುತ್ತೆ?

ಔಸಾಡೊ ಅಂತ ಹೆಸರಿಟ್ಟ ಗಂಡು ಜಾಗ್ವಾರ್ ಸಿಕ್ಕಾಗ ಪಂಜ ಸುಟ್ಟು ಹೋಗಿತ್ತು. ಗೊಯಾಸ್ ರಾಜ್ಯಕ್ಕೆ ಒಯ್ದು ವಾಸಿಮಾಡಿ, ಅಕ್ಟೋಬರ್‌ನಲ್ಲಿ ಕೊರಳಿಗೆ ರೇಡಿಯೊ ಕಾಲರ್ ಕಟ್ಟಿ ಬಿಟ್ಟರು. ಅಮನಾಸಿ ಅನ್ನೋ ಹೆಣ್ಣೂ ಬದುಕಿತು, ಆದರೆ ಪಂಜದ ಗಾಯ ಆಳ. ಬೇಟೆಯಾಡಿ ಬದುಕೋ ಹಾಗಿರಲಿಲ್ಲ, ಕಾಡಿಗೆ ಬಿಡಲಿಲ್ಲ.

ಪೇಪರಿನಲ್ಲಿ ಬಂದದ್ದು ಇವೆರಡರ ಫೋಟೊ. ಆ ವರ್ಷ ಬೆಂಕಿಗೇ ನೇರವಾಗಿ ಸತ್ತ ಬೆನ್ನೆಲುಬಿನ ಪ್ರಾಣಿಗಳು ಸುಮಾರು 1.7 ಕೋಟಿ ಅಂತ ವಿಜ್ಞಾನಿಗಳು ಹೆಣ ಎಣಿಸಿ ಅಂದಾಜು ಮಾಡಿದರು. ಹೆಚ್ಚಿನವು ಸಣ್ಣ ಹಾವು. ಬೆಂಕಿ ದಾಟಿ ಆಮೇಲೆ ಹಸಿವು, ಬಾಯಾರಿಕೆಗೆ ಹೋದದ್ದು ಅದರಲ್ಲಿ ಸೇರಿಲ್ಲ.

2024ರಲ್ಲಿ ಮತ್ತೆ ಬರ, ಮತ್ತೆ ಬೆಂಕಿ. ಪಂಟನಾಲ್‌ಗೆ ನೀರು ಇಳಿಯೋದು ಸುತ್ತಲಿನ ಎತ್ತರದ ಸೆರಾಡೊ ಸೀಮೆಯಿಂದ. ಅಲ್ಲಿ ಮರ ಕಡಿದು ಸೋಯಾ ಬಿತ್ತುತ್ತಾ ಬಂದಿದ್ದಾರೆ. ನಾವು ಹಣ್ಣು ಇಟ್ಟದ್ದು ತಪ್ಪಲ್ಲ, ಆ ಹೊತ್ತಿಗೆ ಬೇಕಿತ್ತು. ಆದರೆ ಟ್ಯಾಂಕರಿನಿಂದ ಜೌಗು ತುಂಬಲ್ಲ. ಹೊಳೆ ಹುಟ್ಟೋ ಕಡೆ ಕಾಡು ಉಳಿಸಬೇಕು.