ಗೇರುಪೆಟ್ಟಿಗೆಯ ತಂತಿ

ಅಮೆರಿಕ ದೇಶದ ಕೆಲವು ಹಳೆಯ ಮೋಟಾರು ಗಾಡಿಗಳಲ್ಲಿ ಒಂದು ತಂತಿಯುಂಟು. ಉದ್ದದಲ್ಲಿ ಒಂದು ಮಾರೂ ಇಲ್ಲ; ದಪ್ಪದಲ್ಲಿ ಗೋಣಿ ಹೊಲಿಯುವ ದಬ್ಬಳವನ್ನು ಮೀರದು. ಇದರ ಹೆಸರು ಥ್ರಾಟಲ್ ವಾಲ್ವ್ ಕೇಬಲ್. ಕೆಲಸಗಾರರು ಚಿಕ್ಕದಾಗಿ ಟಿ.ವಿ. ಕೇಬಲ್ ಎನ್ನುವರು. ನಮ್ಮ ಅತ್ತೆಯವರು ಈ ಮಾತನ್ನು ಮೊದಲು ಕೇಳಿದಾಗ ಮೊಮ್ಮಗನನ್ನು ಕರೆದು, "ತಾತನ ಗಾಡಿಯಲ್ಲಿ ಟೆಲಿವಿಷನ್ ಎಲ್ಲಿತ್ತೋ ಮಗು?" ಎಂದು ವಿಚಾರಿಸಿದರು. ನಗಬೇಕಾದ ಮಾತೇನೋ ಹೌದು. ಆದರೆ ಆ ದಿನ ಮನೆಯಲ್ಲಿ ಯಾರೂ ನಗುವ ಸ್ಥಿತಿಯಲ್ಲಿರಲಿಲ್ಲ.

ಶಿವಮೊಗ್ಗೆಯ ಕಡೆಯಿಂದ ಬಂದು ಒಹಾಯೋ ಸೀಮೆಯಲ್ಲಿ ನೆಲೆಸಿದ್ದ ನಮ್ಮ ಮಾವನವರು ೧೯೮೦ರ ದಶಕದಲ್ಲಿ ಒಂದು ಷೆವ್ರೊಲೆ ಗಾಡಿಯನ್ನು ಕೊಂಡಿದ್ದರು. ಅವರು ತೀರಿಕೊಂಡ ಮೇಲೆಯೂ ಅತ್ತೆಯವರು ಅದನ್ನು ಮಾರಗೊಡಲಿಲ್ಲ. ವಾರಕ್ಕೊಮ್ಮೆ ನಮ್ಮೊಡನೆ ಅದರಲ್ಲಿ ಕುಳಿತು ದೇವಸ್ಥಾನಕ್ಕೆ ಹೋಗಿಬರುವುದು ಅವರ ನೇಮ. ಒಂದು ಕಾರ್ಯಾಗಾರದಲ್ಲಿ ಅದಕ್ಕೆ ಹೊಸ ಕಾರ್ಬುರೇಟರನ್ನು ಹಾಕಿಸಿದ ತರುವಾಯ ಅದರ ನಡಿಗೆಯೇ ಬೇರೆಯಾಯಿತು. ಗಂಟೆಗೆ ೩೦ ಮೈಲಿಯ ವೇಗ ಬರುವ ಮುನ್ನವೇ ಗಾಡಿ ನಾಲ್ಕನೆಯ ಗೇರಿಗೆ ಜಾರುವುದು. ಏರಿನಲ್ಲಿ ಎಂಜಿನು ಅರಚುವುದು, ಚಕ್ರ ಮಾತ್ರ ಚುರುಕಾಗದು. ಅದೇ ಕಾರ್ಯಾಗಾರದವರು ನೋಡಿ, ಗೇರುಪೆಟ್ಟಿಗೆ ಹೋಯಿತು, ಹೊಸದನ್ನೇ ಕೂರಿಸಬೇಕು ಎಂದರು. ಅವರು ಹೇಳಿದ ಹಣ ಗಾಡಿಯ ಬೆಲೆಯನ್ನೇ ಮೀರಿತ್ತು. ಗುಜರಿಗೆ ಕೊಟ್ಟುಬಿಡುವುದೇ ಲೇಸೆಂದು ಬಂಧುಗಳೆಲ್ಲ ಒಮ್ಮತದಿಂದ ನುಡಿದರು. ಅತ್ತೆಯವರು ಏನನ್ನೂ ಹೇಳದೆ ಒಳಗೆ ಹೋಗಿ ಕುಳಿತರು.

ಇಷ್ಟಾದರೂ ಗುಜರಿಯವನಿಗೆ ಹೇಳಿ ಕಳುಹಿಸಲು ನಮಗೆ ಮನಸ್ಸಾಗಲಿಲ್ಲ. ಎದುರುಮನೆಯಲ್ಲಿ ಗೇರುಪೆಟ್ಟಿಗೆಗಳ ದುರಸ್ತಿಯಲ್ಲಿಯೇ ಆಯುಷ್ಯ ಕಳೆದು ನಿವೃತ್ತರಾದ ವೃದ್ಧರೊಬ್ಬರಿದ್ದರು. ಅವರನ್ನು ಕರೆತಂದೆವು. ಅವರು ಗಾಡಿಯ ಕೆಳಗೆ ನುಸುಳುವ ಮೊದಲು ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: ಕಾರ್ಬುರೇಟರನ್ನು ಬದಲಿಸಿದವರು ಈ ತಂತಿಯನ್ನು ಮತ್ತೆ ಹೊಂದಿಸಿದರೇ?

ಇಲ್ಲಿ ಓದುಗರಿಗೆ ಯಂತ್ರದ ಮರ್ಮವನ್ನು ಸ್ವಲ್ಪ ತಿಳಿಸಬೇಕಾಗಿದೆ. ತಾನಾಗಿಯೇ ಗೇರು ಬದಲಿಸಿಕೊಳ್ಳುವ ಗಾಡಿಗಳು ೧೯೪೦ರ ಮಾದರಿಯ ಓಲ್ಡ್ಸ್‌ಮೊಬೀಲಿನಿಂದ ಮೊದಲ್ಗೊಂಡು ಜನಬಳಕೆಗೆ ಬಂದವು. ನಮ್ಮ ಗಾಡಿಯಲ್ಲಿದ್ದುದು ಜನರಲ್ ಮೋಟರ್ಸಿನವರು ೧೯೮೨ರ ಮಾದರಿಗಳಲ್ಲಿ ತಂದ ೭೦೦-ಆರ್೪ ಎಂಬ ಪೆಟ್ಟಿಗೆ. ಇದರ ನಾಲ್ಕನೆಯ ಗೇರಿನಲ್ಲಿ ಎಂಜಿನು ೭೦ ಸುತ್ತು ಸುತ್ತಿದರೆ ಹೊರಗಿನ ದಂಡ ೧೦೦ ಸುತ್ತು ಸುತ್ತುವುದು, ಪೆಟ್ರೋಲು ಉಳಿಯುವುದು. ಪೆಟ್ಟಿಗೆಯೊಳಗೆ ಕ್ಲಚ್ಚಿನ ಬಿಲ್ಲೆಗಳನ್ನು ಒತ್ತಿ ಹಿಡಿಯುವುದು ಎಣ್ಣೆಯ ಒತ್ತಡ. ಆ ಒತ್ತಡ ಎಷ್ಟಿರಬೇಕೆಂಬುದನ್ನು ತಿಳಿಸುವುದು ಈ ತಂತಿ. ಅದರ ಒಂದು ತುದಿ ಕಾರ್ಬುರೇಟರಿನ ಸನ್ನೆಗೆ, ಇನ್ನೊಂದು ಪೆಟ್ಟಿಗೆಯೊಳಗಿನ ವಾಲ್ವಿಗೆ. ನಾವು ಕಾಲನ್ನು ಒತ್ತಿದಷ್ಟೂ ತಂತಿ ಸೆಳೆಯುವುದು. ಸೆಳೆದಷ್ಟೂ ಒತ್ತಡ ಏರುವುದು.

ಬಾವಿಯಲ್ಲಿ ನೀರು ಸೇದಿದವರಿಗೆ ಇದು ಸುಲಭವಾಗಿ ತಿಳಿಯುವುದು. ಬರಿಗೊಡವಾದರೆ ಹಗ್ಗವನ್ನು ಸಡಿಲವಾಗಿ ಹಿಡಿಯುವೆವು. ತುಂಬಿದ ಕೊಡವಾದರೆ ಬಿಗಿಯಾಗಿ. ತುಂಬಿದ ಕೊಡವನ್ನು ಬರಿಗೊಡವೆಂದು ತಿಳಿದು ಹಿಡಿದರೆ ಹಗ್ಗ ಜಾರಿ ಅಂಗೈ ಸುಡುವುದಷ್ಟೆ? ತಂತಿ ಸಡಿಲವಾದ ಪೆಟ್ಟಿಗೆಯ ಗತಿಯೂ ಅದೇ. ಎಂಜಿನು ಪೂರ್ಣ ಬಲದಿಂದ ತಿರುಗುತ್ತಿರುವಾಗ ಭಾರ ಅಲ್ಪವೆಂಬ ಸುದ್ದಿಯೇ ಒಳಕ್ಕೆ ಹೋಗುವುದು. ಬಿಲ್ಲೆಗಳು ಜಾರಿ, ಕಾದು, ಕರಿಯಾಗುವುವು.

ಕಾಲೇಜಿನಲ್ಲಿ ಓದುವ ನಮ್ಮ ಮಗ ಇಷ್ಟನ್ನು ಕೇಳಿದವನೇ, "ಹಾಗಾದರೆ ಗೇರು ಹಿತವಾಗಿ ಬೀಳುವವರೆಗೂ ಎಳೆದು ನೋಡಿದರಾಯಿತಲ್ಲ!" ಎಂದನು. ತಂಬೂರಿಯ ಬಿರಡೆಯನ್ನು ತಿರುಗಿಸಿ ಶ್ರುತಿ ಮಾಡುವುದನ್ನು ಮನೆಯಲ್ಲಿ ಕಂಡು ಬೆಳೆದ ಹುಡುಗ ಅವನು. ವೃದ್ಧರು ಬೇಡವೆಂದು ತಲೆಯಾಡಿಸಿದರು. ಅದಕ್ಕಿಂತ ಹಿಂದಿನ ಟರ್ಬೊ ೩೫೦ ಪೆಟ್ಟಿಗೆಯಲ್ಲಿಯೂ ತಂತಿಯೊಂದಿತ್ತು. ಆದರೆ ಅದು ಪೂರ್ಣವಾಗಿ ಒತ್ತಿದಾಗ ಕೆಳಗಿನ ಗೇರಿಗಿಳಿಸುವುದಕ್ಕೆ ಮಾತ್ರ. ಒತ್ತಡವನ್ನು ನೋಡಿಕೊಳ್ಳುವ ಸಾಧನ ಬೇರೆ. ಆ ಅಭ್ಯಾಸದಿಂದಲೇ ಜನರು ಇದನ್ನೂ ಗೇರಿನ ತಂತಿಯೆಂದು ಭಾವಿಸಿ, ಕಿವಿಯನ್ನು ನಂಬಿ, ಪೆಟ್ಟಿಗೆಗಳನ್ನು ಸುಡುವರೆಂದು ಅವರು ಹೇಳಿದರು. ಗೇರು ಬೀಳುವ ವೇಳೆ ತುಸು ಹಿಂದುಮುಂದಾದರೂ ಚಿಂತೆಯಿಲ್ಲ. ಕಾಲನ್ನು ಪೂರ್ಣವಾಗಿ ಒತ್ತಿದಾಗ ತಂತಿ ಪೂರ್ಣವಾಗಿ ಸೆಳೆದಿರಬೇಕು. ಅತಿಯಾಗಿ ಬಿಗಿದರೂ ಕೇಡೇ: ಗೇರು ತಡವಾಗಿ, ಕುಲುಕಿನೊಡನೆ ಬೀಳುವುದು, ಕಾರ್ಬುರೇಟರು ಪೂರ್ತಿ ತೆರೆಯುವ ಮೊದಲೇ ತಂತಿಯ ಓಟ ಮುಗಿದುಹೋಗುವುದು.

ಎಂಜಿನನ್ನು ನಿಲ್ಲಿಸಿ ಕೆಲಸಕ್ಕೆ ತೊಡಗಿದೆವು. ಮೊದಲು ಅವರು ಕಾಲೊತ್ತಿನ ಕೆಳಗೆ ಮಡಿಸಿಕೊಂಡಿದ್ದ ನೆಲಹಾಸನ್ನು ಎಳೆದು ಹಾಕಿದರು. ಒತ್ತು ಕೊನೆಯವರೆಗೆ ಹೋಗದಿದ್ದರೆ ಉಳಿದುದೆಲ್ಲ ವ್ಯರ್ಥವಂತೆ. ಮಗ ಒಳಗೆ ಕುಳಿತು ಪೂರ್ತಿ ಒತ್ತಿದನು. ಆಗ ವೃದ್ಧರು ತಂತಿಯನ್ನು ಬೆರಳಿನಿಂದ ಸೆಳೆದು ತೋರಿಸಿದರು: ಇನ್ನೂ ಅರ್ಧ ಅಂಗುಲ ಬಂದಿತು! ಆ ಅರ್ಧ ಅಂಗುಲವನ್ನು ಕಂಡಾಗ ನಮಗಾದ ಸಿಟ್ಟು ಇಷ್ಟಿಷ್ಟಲ್ಲ. ಹೊಸ ಪೆಟ್ಟಿಗೆಯ ಬೆಲೆ ಹೇಳಿದವರು ಅದನ್ನು ನೋಡಿಯೇ ಇರಲಿಲ್ಲ.

ತಂತಿಯ ಹೊರಕವಚವು ಕಾರ್ಬುರೇಟರಿನ ಬಳಿ ಒಂದು ಹಿಡಿಕೆಯಲ್ಲಿ ಕೂತಿರುವುದು. ಅಲ್ಲಿ ಬೆರಳಿನ ತುದಿಯಷ್ಟು ಅಗಲದ ಲೋಹದ ಗುಂಡಿ. ಅದನ್ನು ಒತ್ತಿ ಹಿಡಿದು, ಜಾರುಕೊಳವೆಯನ್ನು ಸನ್ನೆಯಿಂದ ಹಿಂದಕ್ಕೆ ತಡೆ ಸಿಕ್ಕುವವರೆಗೆ ತಳ್ಳಿ, ಗುಂಡಿಯನ್ನು ಬಿಟ್ಟರು. ಬಳಿಕ ಮಗನಿಗೆ ಮತ್ತೊಮ್ಮೆ ಕೊನೆಯವರೆಗೆ ಒತ್ತಲು ಸನ್ನೆ ಮಾಡಿದರು. ಟಿಕ್ ಟಿಕ್ಕೆಂದು ಕೊಳವೆ ಮುಂದಕ್ಕೆ ಸರಿದು ತನ್ನ ಸ್ಥಾನದಲ್ಲಿ ತಾನೇ ನಿಂತಿತು. ಮುಗಿಯಿತು! ಕಾಫಿ ಕಾಯುವಷ್ಟು ಹೊತ್ತೂ ಹಿಡಿಯಲಿಲ್ಲ. ೧೯೯೩ರಿಂದೀಚೆಗೆ ಈ ಪೆಟ್ಟಿಗೆಯ ಸ್ಥಾನಕ್ಕೆ ವಿದ್ಯುತ್ತಿನ ಆಜ್ಞೆಯಿಂದ ನಡೆಯುವ ಪೆಟ್ಟಿಗೆ ಬಂದು, ಒತ್ತಡದ ಲೆಕ್ಕವನ್ನು ಗಣಕಯಂತ್ರವೇ ಮಾಡತೊಡಗಿತು. ಈ ವಿದ್ಯೆ ಬಲ್ಲವರು ವಿರಳವಾಗುತ್ತಿರುವುದು ಆಶ್ಚರ್ಯವಲ್ಲ.

ತಂತಿ ಸರಿಹೋದ ಮಾತ್ರಕ್ಕೆ ಸುಟ್ಟ ಬಿಲ್ಲೆ ಹಸನಾಗದೆಂಬುದನ್ನು ವೃದ್ಧರು ಮುಚ್ಚಿಡಲಿಲ್ಲ. ತಳದ ತಟ್ಟೆಯನ್ನು ಬಿಚ್ಚಿದಾಗ ಎಣ್ಣೆ ಕಂದಾಗಿ ಕಮಟು ಹಿಡಿದಿತ್ತು. ಕರಿಯ ಪುಡಿಯಿತ್ತು, ಆದರೆ ಲೋಹದ ಚೂರುಗಳಿರಲಿಲ್ಲ. ಹೊಸ ಸೋಸುಕ, ಹೊಸ ಎಣ್ಣೆ ಹಾಕಿದೆವು. ಈಗ ನಾಲ್ಕನೆಯ ಗೇರು ೪೦ ಮೈಲಿ ದಾಟಿದ ಮೇಲೆಯೇ ಬೀಳುವುದು, ಏರಿನಲ್ಲಿ ಜಾರುವುದಿಲ್ಲ. ಒಳಗಿನ ಬಿಲ್ಲೆಗಳಲ್ಲಿ ಎಷ್ಟು ಆಯುಷ್ಯ ಉಳಿದಿದೆಯೆಂದು ಕೇಳಿದೆವು. ಎಣ್ಣೆಯ ಬಣ್ಣವನ್ನು ತಿಂಗಳಿಗೊಮ್ಮೆ ನೋಡಿರಿ, ಅದೇ ಹೇಳುವುದು ಎಂದರು.

ಆ ಕೆಲಸವನ್ನು ಅತ್ತೆಯವರು ತಾವೇ ವಹಿಸಿಕೊಂಡಿದ್ದಾರೆ. ಎಂಜಿನು ಬಿಸಿಯಾಗಿ ನಡೆಯುತ್ತಿರುವಾಗಲೇ ಅಳತೆಕಡ್ಡಿಯನ್ನು ತೆಗೆಯಬೇಕು, ಮಗ ತೆಗೆದುಕೊಡುವನು. ಮಾವನವರ ಹಳೆಯ ಪಂಚೆಯ ತುಂಡಿನ ಮೇಲೆ ಅವರು ಅದನ್ನು ಒರಸಿ, ಬಿಸಿಲಿಗೆ ಹಿಡಿದು ನೋಡುವರು. ಹೋದ ತಿಂಗಳು ಬಟ್ಟೆಯ ಮೇಲೆ ಬಿದ್ದ ಗುರುತು ದಾಸವಾಳದ ಹೂವಿನಂತೆ ಕೆಂಪಗಿತ್ತು.